ನೀರು ಇಳಿಯುವವರೆಗೆ

ಕಳೆದ ತಿಂಗಳು ಬಾದಾಮಿಯಲ್ಲಿ ಎಂಟು ಮಂಚಗಳ ಒಂದು ಕೋಣೆಯಲ್ಲಿ ಉಳಿದಿದ್ದೆ. ಕೆಳಗಿನ ಮಂಚದ ಹುಡುಗಿ ಒಗೆದ ಜೀನ್ಸನ್ನು ನಾನಿದ್ದ ಮೇಲಿನ ಮಂಚದ ಏಣಿಯ ಮೇಲೆ ಹರವಿ ಹೊರಗೆ ಹೋಗಿದ್ದಳು. ಅಕಾಲದ ಮಳೆ ಹಿಡಿದುಕೊಂಡಿತ್ತು. ಮಧ್ಯಾಹ್ನ ಮಲಗಿ ಏಳುವಾಗ ಒಣಗದ ದಪ್ಪ ಬಟ್ಟೆಯ ಹುಳಿ ವಾಸನೆಯೂ ಸೊಳ್ಳೆಬತ್ತಿಯ ಹೊಗೆಯೂ ಒಟ್ಟಿಗೆ ಮೂಗಿಗೆ ಬಂದವು. ಒಂದು ಗಳಿಗೆ ಎಲ್ಲಿದ್ದೇನೆ ಎಂದೇ ತಿಳಿಯಲಿಲ್ಲ. ಶ್ರೀರಂಗಪಟ್ಟಣದಲ್ಲಿದ್ದೇನೆ, ಹೊಳೆ ಇನ್ನೂ ಇಳಿದಿಲ್ಲ ಎಂದುಕೊಂಡೆ.

ಈಗ ನನಗೆ ಅರವತ್ಮೂರು. ಎಲ್ಲಿಗೆ ಹೋದರೂ ಇಂಥ ಹಾಸ್ಟೆಲುಗಳಲ್ಲೇ ಉಳಿಯುತ್ತೇನೆ. ಒಬ್ಬಳಿಗೆ ಇಡೀ ರೂಮು ಯಾತಕ್ಕೆ? ಮಲಗಲು ಒಂದು ಮಂಚ, ಬೀಗ ಹಾಕಲು ಒಂದು ಗೂಡು, ಬೆಳಿಗ್ಗೆ ಬಿಸಿನೀರು, ಇಷ್ಟು ಸಾಕು. ಬೆನ್ನಿಗೆ ಚೀಲ ಹಾಕಿಕೊಂಡ ಹುಡುಗಿಯರು ಮೊದಲ ದಿನ ನನ್ನನ್ನು ನೋಡಿ, "ಆಂಟಿ, ಮಗಳನ್ನ ನೋಡೋಕೆ ಬಂದ್ರಾ?" ಎಂದು ಕೇಳುತ್ತಾರೆ. ಮೇಲಿನ ಮಂಚ ನನ್ನದೇ ಎಂದಾಗ ಸ್ವಲ್ಪ ಗಾಬರಿಯಾಗಿ, ಎರಡನೆಯ ದಿನದ ಹೊತ್ತಿಗೆ ನನ್ನಿಂದ ಸೂಜಿ ದಾರ ಇಸಿದುಕೊಳ್ಳುತ್ತಾರೆ. ಆದರೆ ಮೊದಲ ಸಲ ಹಾಸ್ಟೆಲಿನಲ್ಲಿ ಉಳಿದದ್ದು ಊರು ನೋಡಲಿಕ್ಕಲ್ಲ. ಮೂರು ವರ್ಷದ ಹಿಂದೆ, ಆಷಾಢದಲ್ಲಿ, ತಮ್ಮನ ಅಸ್ಥಿಯನ್ನು ಮಡಿಲಲ್ಲಿಟ್ಟುಕೊಂಡು ಹೋಗಿ ಉಳಿದಿದ್ದೆ.

ಆ ಬೇಸಿಗೆಯಲ್ಲಿ ನಾನು ನಾಗಮಂಗಲದ ಹೈಸ್ಕೂಲಿನಿಂದ ನಿವೃತ್ತಳಾಗಿದ್ದೆ. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ವಿಜ್ಞಾನದ ಪಾಠ ಮಾಡಿದವಳು. ಮದುವೆಯಾಗಲಿಲ್ಲ. ದೇವಸ್ಥಾನದ ಪರಿಚಾರಿಕೆ ಮಾಡಿಕೊಂಡಿದ್ದ ಅಪ್ಪನ ಜೊತೆ ಗುಡಿಯ ಬೀದಿಯ ಮನೆಯಲ್ಲಿದ್ದೆ. ಅಪ್ಪ ಹೋದ ಮೇಲೆ ಅದೇ ಮನೆಯಲ್ಲಿ ಒಬ್ಬಳೇ ಉಳಿದೆ. ನನಗಿಂತ ಐದು ವರ್ಷ ಚಿಕ್ಕವನಾದ ತಮ್ಮ ರಾಮು ಕೃಷ್ಣರಾಜಪೇಟೆಯಲ್ಲಿದ್ದ. ಮಾಕವಳ್ಳಿಯ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಗಾಡಿ ತೂಕ ಹಾಕುವ ಕಡೆ ಗುಮಾಸ್ತನಾಗಿದ್ದ. ನಮ್ಮಿಬ್ಬರಿಗೂ ಮಾತು ನಿಂತು ಹನ್ನೊಂದು ವರ್ಷವಾಗಿತ್ತು.

ಒಂದು ಬೆಳಿಗ್ಗೆ ಅವನ ಜೊತೆ ಕೆಲಸ ಮಾಡುವ ಪುಟ್ಟಸ್ವಾಮಿ ಎಂಬವರು ಫೋನು ಮಾಡಿದರು. ಕುರ್ಚಿಯಲ್ಲಿ ಕುಳಿತಿದ್ದಂತೆಯೇ ಎದೆ ಹಿಡಿದುಕೊಂಡನಂತೆ. ಆಸ್ಪತ್ರೆ ತಲುಪುವ ಮುಂಚೆಯೇ ಮುಗಿದಿತ್ತಂತೆ. ನಾನು ಹೋಗಿ ಮುಖ ನೋಡಿದೆ. ತಲೆಗೂದಲು ಪೂರ್ತಿ ಬೆಳ್ಳಗಾಗಿತ್ತು. ಗೊತ್ತಿಲ್ಲದ ಯಾರನ್ನೋ ನೋಡಿದ ಹಾಗಾಯಿತು. ಅಳು ಬರಲಿಲ್ಲ. ಬರುತ್ತದೇನೋ ಎಂದು ಕಾದೆ, ಸುತ್ತಲಿದ್ದವರೂ ಕಾದರು. ಮೂರನೆಯ ದಿನ ಅವರೇ ಅಸ್ಥಿ ಆಯ್ದು, ಕುಡಿಕೆಯಲ್ಲಿ ತುಂಬಿ, ಕೆಂಪು ಬಟ್ಟೆ ಕಟ್ಟಿ ನನ್ನ ಕೈಗಿಟ್ಟರು.

ಬಸ್‌ಸ್ಟ್ಯಾಂಡಿನಲ್ಲಿ ಪುಟ್ಟಸ್ವಾಮಿ ಹಿಂದೆ ಮುಂದೆ ನೋಡುತ್ತಾ ಹೇಳಿದರು: "ಮೇಡಂ, ಇನ್ನೊಂದ್ ಮಾತು. ಚಿನಕುರಳಿ ಆವಮ್ಮಂಗೆ ನಾವು ಯೋಳ್ಲಿಲ್ಲ. ಯೆರಡ್ ವರ್ಸದಿಂದ ಇಬ್ರೂ ಬ್ಯಾರೆ ಬ್ಯಾರೆ ಇದ್ರು. ಅವ್ಳ ಅಣ್ಣ ಬಂದು ಗಲಾಟೆ ಗಿಲಾಟೆ ಮಾಡ್ಬುಟ್ರೆ ಅಂತ ಸುಮ್ಕಾದೋ. ನೀವೇ ನೋಡಿ. ಯೋಳೋದಿದ್ರೆ ಯೋಳಿ, ಬುಟ್ರೆ ಬುಡಿ."

ಆವಮ್ಮ ಎಂದರೆ ಭಾಗ್ಯ. ಪಾಂಡವಪುರದ ಆಚೆ ಚಿನಕುರಳಿಯ ಒಕ್ಕಲು ಮನೆತನದವಳು. ಹದಿನಾರು ವರ್ಷ ರಾಮುವಿನ ಜೊತೆ ಬಾಳಿದ್ದಳು. ಗುಡಿಯ ಮುಂದೆ ಇಬ್ಬರೇ ಹಾರ ಬದಲಾಯಿಸಿಕೊಂಡರಂತೆ ಎಂದು ಯಾರೋ ಹೇಳಿದ್ದರು. ಅದನ್ನು ಅಪ್ಪ ಮದುವೆ ಎಂದು ಒಪ್ಪಲಿಲ್ಲ. ನಾನೂ ಬಾಯಿ ಬಿಡಲಿಲ್ಲ. ಅವಳನ್ನು ನಾನು ಒಂದು ಸಲವೂ ನೋಡಿರಲಿಲ್ಲ.

"ಆಯಿತು," ಎಂದೆ ಪುಟ್ಟಸ್ವಾಮಿಗೆ. ಬಸ್ಸು ಹತ್ತಿದೆ. ಪಕ್ಕದಲ್ಲಿ ಕುಳಿತಿದ್ದಾಕೆ ಕೆಂಪು ಬಟ್ಟೆಯ ಗಂಟು ಕಂಡು ಎದ್ದು ಹಿಂದಿನ ಸೀಟಿಗೆ ಹೋದಳು. ಕಾಲು ಚಾಚಲು ಜಾಗವಾಯಿತು ಅನ್ನಿಸಿತು, ಅಷ್ಟೆ.

ಶ್ರೀರಂಗಪಟ್ಟಣದಲ್ಲಿ ಇಳಿದು, ಅಸ್ಥಿ ಬಿಡುವ ಪಶ್ಚಿಮವಾಹಿನಿಗೆ ಹೋದರೆ ದಾರಿಗೆ ಅಡ್ಡವಾಗಿ ಗಳ ಕಟ್ಟಿದ್ದರು. ಕೊಡಗಿನಲ್ಲಿ ಮಳೆ ಜೋರಾಗಿ ಕನ್ನಂಬಾಡಿ ಅಣೆಕಟ್ಟು ತುಂಬಿತ್ತು. ಗೇಟುಗಳನ್ನು ಎತ್ತಿದ್ದರು. ಮೆಟ್ಟಿಲು, ಮಂಟಪ ಒಂದೂ ಕಾಣುತ್ತಿರಲಿಲ್ಲ. ಕೆಮ್ಮಣ್ಣಿನ ನೀರು ಬೇರು ಸಮೇತ ಮರಗಳನ್ನು ಹೊತ್ತು ಹೋಗುತ್ತಿತ್ತು. ಸದ್ದಿಗೆ ನೆಲವೇ ಅದುರುವ ಹಾಗಿತ್ತು.

"ಇಂದಕ್ಕೋಗಿ ಅಮ್ಮಾ," ಎಂದ ಪೊಲೀಸಿನವನು. "ನೀರ್ ತಕ್ಕೆ ಯಾರ್ನೂ ಬುಡಂಗಿಲ್ಲ."

"ಯಾವಾಗ ಬಿಡ್ತೀರಿ?"

ಅವನು ನನ್ನ ಕೈಯಲ್ಲಿದ್ದುದನ್ನು ನೋಡಿ ದನಿ ತಗ್ಗಿಸಿದ. "ನಾನೇನ್ ಯೋಳ್ಲವ್ವ? ಮ್ಯಾಲೆ ಮಳೆ ನಿಂತ್ರೆ ಆಗ್ತದೆ. ಎಲ್ಡ್ ದಿನ ಆಗ್ಬೋದು, ವಾರ ಆಗ್ಬೋದು."

ಮನೆಗೆ ಮರಳುವ ಹಾಗಿರಲಿಲ್ಲ. ಹೊಳೆಗೆಂದು ಹೊರಟ ಅಸ್ಥಿಯನ್ನು ತಿರುಗಿ ಮನೆಗೆ ತರುವುದಿಲ್ಲ. ಅದರಲ್ಲೂ ನಮ್ಮದು ಗುಡಿಯ ಬೀದಿ. ಹೆದ್ದಾರಿಯ ಲಾಡ್ಜುಗಳು ನನ್ನ ಕೈಗೆಟುಕುವಂಥವಲ್ಲ, ಪಿಂಚಣಿಯೂ ಇನ್ನೂ ಮಂಜೂರಾಗಿರಲಿಲ್ಲ. ಆಟೋದವನು, "ಗಂಜಾಂ ತಾವ ಜಯಮ್ಮೋರ್ ಹಾಸ್ಟ್ಲಿಗೆ ಬುಡ್ತೀನಿ. ಅಲ್ಲಿ ರೂಮಿನ್ ಲೆಕ್ಕ ಇಲ್ಲ, ಮಂಚದ್ ಲೆಕ್ಕ," ಎಂದು ಕರೆದುಕೊಂಡು ಹೋದ.

ಅದೊಂದು ಹಳೆಯ ರೈತರ ಮನೆ. ಹಿಂದೆ ಕೊಟ್ಟಿಗೆ, ಅದರಾಚೆ ಗದ್ದೆ. ಮಾಳಿಗೆಯ ಮೇಲಿನ ಎರಡು ಕೋಣೆಗಳಲ್ಲಿ, ಒಂದು ಹೆಂಗಸರಿಗೆ ಒಂದು ಗಂಡಸರಿಗೆ, ಒಂದರ ಮೇಲೊಂದು ಕಬ್ಬಿಣದ ಮಂಚ ಹಾಕಿಸಿದ್ದರು. ಯಜಮಾನಿ ಜಯಮ್ಮನಿಗೆ ಐವತ್ತು ದಾಟಿತ್ತು. ಸೊಸೆ ಮನೆಯ ಫೋಟೋ ತೆಗೆದು ಇಂಟರ್ನೆಟ್ಟಿಗೆ ಹಾಕಿದ ಮೇಲೆ ಎಲ್ಲೆಲ್ಲಿಯ ಹುಡುಗ ಹುಡುಗಿಯರೋ ಬರತೊಡಗಿದ್ದರಂತೆ. ನನ್ನಂಥವಳು ಬಂದದ್ದು ಅದೇ ಮೊದಲು.

"ಟೀಚರಮ್ಮ, ಕೆಳಗಿನ್ ಮಂಚ ಯಾವ್ದೂ ಖಾಲಿ ಇಲ್ವಲ್ಲ. ಮ್ಯಾಲಕ್ಕೆ ಅತ್ತೀರಾ?" ಎಂದಳು.

"ಹತ್ತುತ್ತೀನಿ," ಎಂದೆ. ಚೀಲದೊಳಗಿನ ಗಂಟನ್ನು ಕಾಲ ಬಳಿ ಇಟ್ಟುಕೊಂಡು ಮಲಗಿದೆ. ಏನೂ ಕನಸು ಬೀಳಲಿಲ್ಲ. ಚೆನ್ನಾಗಿ ನಿದ್ದೆ ಬಂತು. ಅಷ್ಟು ಚೆನ್ನಾಗಿ ನಿದ್ದೆ ಬಂದದ್ದಕ್ಕೆ ಬೆಳಿಗ್ಗೆ ನಾಚಿಕೆಯಾಯಿತು.

ಮಾರನೆಯ ದಿನ ಹಾಸಿಗೆ ಬಟ್ಟೆ ಬದಲಾಯಿಸಲು ಬಂದ ಜಯಮ್ಮ ಚೀಲ ಎತ್ತಿದಳು. ಕೆಂಪು ಬಟ್ಟೆ ಇಣುಕಿತು.

"ಅಯ್ಯೋ ಶಿವನೇ! ಇದ್ನ ಒಳಗ್ ಮಡಿಕಂಡಿದ್ದೀರಾ?"

ನಾನು ಸೀರೆ ಮಡಚಿ ಚೀಲಕ್ಕೆ ತುಂಬತೊಡಗಿದೆ.

"ಎಲ್ಲಿಗ್ ಒಂಟ್ರಿ? ಓಗಿ ಅಂತ ಯಾರಂದ್ರು ಈಗ? ಒಳಗ್ ಮಡಗ್‌ಬಾರ್ದು, ಅಷ್ಟೆಯ. ಬನ್ನಿ ನನ್ ಇಂದೆ."

ಕೊಟ್ಟಿಗೆಯ ಹಿಂದೆ, ಗದ್ದೆಯ ಬದುವಿನ ಮೇಲೆ ಒಂದು ಹೊಂಗೆ ಮರವಿತ್ತು. ಜಯಮ್ಮ ಗೊಬ್ಬರದ ಚೀಲದ ಪ್ಲಾಸ್ಟಿಕ್ಕು ತಂದು ಕುಡಿಕೆಗೆ ಮಳೆ ತಾಕದಂತೆ ಸುತ್ತಿ, ಕೊಂಬೆಗೆ ಹಗ್ಗದಲ್ಲಿ ಬಿಗಿದಳು. "ನಮ್ಮವ್ವಂದ್ನೂ ಇಲ್ಲೇ ಕಟ್ಟಿದ್ದೋ. ಆಗ್ಲೂ ಇಂಗೇಯ ಒಳೆ ಬಂದಿತ್ತು," ಎಂದು ಕೈ ತೊಳೆದುಕೊಂಡು, "ನೀವೂ ಕೈಕಾಲ್ ತೊಳ್ಕಂಡು ಉಣ್ಣಕ್ ಬನ್ನಿ," ಎಂದಳು.

ಎರಡು ದಿನ ಎಂದದ್ದು ವಾರವಾಯಿತು. ಬೆಳಿಗ್ಗೆ ಎದ್ದು ಗಳ ಕಟ್ಟಿದ ಕಡೆಗೆ ಹೋಗಿ ನೋಡಿ ಬರುತ್ತಿದ್ದೆ. ಜನ ನಿಂತು ಪ್ರವಾಹದ ಫೋಟೋ ತೆಗೆದುಕೊಳ್ಳುತ್ತಿದ್ದರು. ಜೀಪಿನಲ್ಲಿ ಮೈಕು ಕಟ್ಟಿಕೊಂಡು, ದನಕರುಗಳನ್ನು ಹೊಳೆಯ ಕಡೆ ಬಿಡಬೇಡಿ ಎಂದು ಕೂಗುತ್ತಾ ಹೋಗುತ್ತಿದ್ದರು. ವಾಪಸು ಬಂದು ಜಯಮ್ಮ ಬಡಿಸಿದ ಮುದ್ದೆ ಉಪ್ಸಾರು ಉಣ್ಣುತ್ತಿದ್ದೆ. ಕೋಣೆಯಲ್ಲಿ ಹುಡುಗಿಯರು ಬಂದರು, ಎರಡು ದಿನ ಇದ್ದರು, ಹೋದರು. ಪ್ರತಿ ಮಂಚದ ಕಂಬಿಯ ಮೇಲೂ ಟವೆಲ್ಲು, ಕಾಲುಚೀಲ. ಯಾವುದೂ ಒಣಗುತ್ತಿರಲಿಲ್ಲ. ಯಾರೂ ನನ್ನನ್ನು ಏನೂ ಕೇಳುತ್ತಿರಲಿಲ್ಲ. ಅದು ನನಗೆ ಹಿತವಾಗಿತ್ತು. ನಾಗಮಂಗಲದಲ್ಲಾಗಿದ್ದರೆ ಬಂದವರ ಮುಂದೆಲ್ಲ ದುಃಖದ ಮುಖ ಮಾಡಿಕೊಂಡು ಕೂರಬೇಕಿತ್ತು.

ಹಲ್ಲು ಕೀಳುವ ಮುಂಚೆ ಕೊಡುವ ಇಂಜೆಕ್ಷನ್ನಿನ ಹಾಗೆ ಆಗಿತ್ತು ನನಗೆ. ಒತ್ತಿದರೆ ಒತ್ತಿದ್ದು ಗೊತ್ತಾಗುತ್ತಿತ್ತು, ನೋವು ಗೊತ್ತಾಗುತ್ತಿರಲಿಲ್ಲ. ರಾಮುವಿನ ಬಾಲ್ಯವನ್ನು ಬೇಕೆಂದೇ ನೆನೆಸಿಕೊಂಡೆ. ಅವನಿಗೆ ಮಗ್ಗಿ ಕಲಿಸಿದ್ದು, ಅಮ್ಮ ಸತ್ತ ವರ್ಷ ತಲೆಗೆ ಎಣ್ಣೆ ಹಚ್ಚಿ ನೀರು ಹಾಕಿದ್ದು. ಎಲ್ಲ ಯಾರದೋ ಮನೆಯ ಸಂಗತಿ ಎಂಬಂತೆ ಕಣ್ಣ ಮುಂದೆ ಬಂದು ಹೋಯಿತು.

ಭಾಗ್ಯಳ ವಿಷಯವೂ ನೆನಪಿತ್ತು. ಚಿನಕುರಳಿ ಅಲ್ಲಿಂದ ಎಷ್ಟು ದೂರ? ನಾಳೆ ಎಂದುಕೊಳ್ಳುತ್ತಿದ್ದೆ. ಮಾರನೆಯ ದಿನ, ಯಾಕೆ ಸುಮ್ಮನೆ, ಬೇರೆ ಬೇರೆ ಇದ್ದರಂತಲ್ಲ, ಎಂದುಕೊಳ್ಳುತ್ತಿದ್ದೆ.

ನನ್ನ ಕೆಳಗಿನ ಮಂಚದಲ್ಲಿ ಸುನೀತಾ ಎಂಬ ಧಾರವಾಡದ ಹುಡುಗಿ ಇದ್ದಳು. ಮೂವತ್ತರ ಆಸುಪಾಸು. ಕಾವೇರಿಯ ಉದ್ದಕ್ಕೂ ಸೈಕಲ್ಲಿನಲ್ಲಿ ಹೋಗಬೇಕೆಂದು ಹೊರಟವಳು, ಹೊಳೆದಂಡೆಯ ದಾರಿಗಳು ಮುಳುಗಿ ನನ್ನ ಹಾಗೆಯೇ ಸಿಕ್ಕಿಹಾಕಿಕೊಂಡಿದ್ದಳು. ಒಂದು ಮಧ್ಯಾಹ್ನ ಮೆಟ್ಟಿಲ ಮೇಲೆ ಕುಳಿತು ಸೈಕಲ್ಲಿನ ಚೈನಿಗೆ ಎಣ್ಣೆ ಬಿಡುತ್ತಿದ್ದಳು. ನಾನು ಹತ್ತಿರ ಕುಳಿತೆ. ಹೊಂಗೆ ಮರದ ಕುಡಿಕೆಯ ವಿಷಯ ಜಯಮ್ಮನಿಂದ ಅವಳಿಗೆ ತಿಳಿದಿತ್ತು.

"ಆಂಟಿ, ನಿಮ್ಮ ತಮ್ಮಗ ಹೆಂಡ್ತಿ ಮಕ್ಕಳು ಇರಲಿಲ್ಲೇನ್ರಿ?" ಎಂದು ಕೇಳಿದಳು.

ಅವಳಿಗೆ ಭಾಗ್ಯಳ ವಿಷಯ ಹೇಳಿದೆ. ಯಾರಿಗೂ ಹೇಳದ್ದನ್ನೂ ಹೇಳಿದೆ. ಅಪ್ಪ ಹಾಸಿಗೆ ಹಿಡಿದಾಗ ನನ್ನ ಕೈ ಹಿಡಿದುಕೊಂಡು, ನಾನು ಸತ್ತರೂ ಅವನಿಗೆ ಹೇಳಬೇಡ ಎಂದಿದ್ದರು. ಅವರು ಹೋದ ದಿನ ಫೋನು ನನ್ನ ಪಕ್ಕದಲ್ಲೇ ಇತ್ತು. ರಾಮುವಿನ ನಂಬರು ಅದರಲ್ಲಿತ್ತು. ನಾನು ಒತ್ತಲಿಲ್ಲ. ಐದನೆಯ ದಿನ ಯಾರ ಬಾಯಿಂದಲೋ ಕೇಳಿ ಬಂದ. ಒಳಗೆ ಬರಲಿಲ್ಲ, ಬಾಗಿಲಲ್ಲೇ ನಿಂತ. "ಅಕ್ಕ, ನಂಬರು ಇರಲಿಲ್ವಾ ನಿನ್ನ ಹತ್ರ?" ಎಂದು ಕೇಳಿದ. "ಇತ್ತು," ಎಂದೆ. ಆಮೇಲೆ ಅವನು ಹೋದ. ಅಷ್ಟೇ, ಹನ್ನೊಂದು ವರ್ಷ.

ಸುನೀತಾ ಚೈನನ್ನು ಬಟ್ಟೆಯಿಂದ ಒರೆಸುತ್ತಿದ್ದಳು. "ಈಗ ಆ ಭಾಗ್ಯ ಅವರಿಗೆ ಗೊತ್ತೈತೇನ್ರಿ?"

"ಇಲ್ಲ."

ಅವಳು ಪೆಡಲ್ಲು ತಿರುಗಿಸಿ ಚೈನು ಸರಿಯಾಗಿ ಓಡುತ್ತದೆಯೇ ಎಂದು ನೋಡಿದಳು. ಆಮೇಲೆ ತಲೆ ಎತ್ತದೆ, "ಪಾಂಡವಪುರಕ್ಕ ಬಸ್ಸು ಭಾಳ ಅದಾವರಿ, ಆಂಟಿ," ಎಂದಳು.

ಮಾರನೆಯ ಬೆಳಿಗ್ಗೆ ಹೊರಟೆ. ಪಾಂಡವಪುರದಲ್ಲಿ ಬಸ್ಸು ಬದಲಾಯಿಸಿದೆ. ಕಬ್ಬಿನ ಗದ್ದೆಗಳ ನಡುವೆ ಕಲ್ಲು ತುಂಬಿದ ಟಿಪ್ಪರುಗಳು ಎದುರಾಗುತ್ತಿದ್ದವು. ಮಳೆಯಲ್ಲಿ ನೆನೆದ ಕಲ್ಲುಪುಡಿ ರಸ್ತೆಯ ಮೇಲೆ ಬೂದಿಬಣ್ಣದ ಗಂಜಿಯ ಹಾಗೆ ಹರಡಿತ್ತು. ಚಿನಕುರಳಿಯಲ್ಲಿ ಇಳಿದು ಭಾಗ್ಯ ಎಂದು ಕೇಳಿದರೆ, "ಯಾವ್ ಭಾಗ್ಯ? ಕೇಆರ್ ಪೇಟೇಲಿದ್ಲಲ್ಲ ಅವ್ಳಾ? ಡೈರಿ ತಾವ ನೋಡಿ, ಆಲು ಆಕಕ್ಕೆ ಬಂದಿರ್ತಾಳೆ," ಎಂದರು.

ಡೈರಿಯ ಮುಂದೆ ಹೆಂಗಸರು ಕ್ಯಾನು ಹಿಡಿದು ಸಾಲಾಗಿ ನಿಂತಿದ್ದರು. ಒಬ್ಬಾಕೆ ತೋರಿಸಿದಳು. ಸಣ್ಣ ಮೈಕಟ್ಟು, ತಲೆಗೆ ಟವೆಲ್ಲು ಸುತ್ತಿಕೊಂಡಿದ್ದಳು. ನಾನು ಹತ್ತಿರ ಹೋಗಿ, "ನಾನು ರಾಮುವಿನ ಅಕ್ಕ, ಗಿರಿಜ," ಎಂದೆ.

ಅವಳು ನನ್ನ ಮುಖ ನೋಡಿದಳು. ಆಮೇಲೆ ಬರಿಯ ಹಣೆ, ಕೆದರಿದ ತಲೆ, ಬರಿಗೈ ನೋಡಿದಳು. ಕೇಳಬೇಕಾದ್ದನ್ನು ಕೇಳಲಿಲ್ಲ. ಅವಳ ಸರದಿ ಬಂತು. ಹಾಲು ಅಳೆಸಿದಳು, ಚೀಟಿ ಇಸಿದುಕೊಂಡಳು, ಖಾಲಿ ಕ್ಯಾನು ಹಿಡಿದು ಪಕ್ಕಕ್ಕೆ ಬಂದಳು.

"ಯಾವತ್ತು?" ಎಂದಳು.

"ಹನ್ನೆರಡು ದಿನ ಆಯಿತು."

"ಅನ್ನೆಲ್ಡ್ ದಿನ…" ಕ್ಯಾನಿನ ಮುಚ್ಚಳವನ್ನು ಹಾಕಿದಳು, ತೆಗೆದಳು. "ಒಬ್ರೂ ಒಂದ್ ಫೋನ್ ಮಾಡ್ನಿಲ್ವಲ್ಲ."

ಗೊತ್ತಿರಲಿಲ್ಲ, ನಿನ್ನೆ ತಾನೇ ತಿಳಿಯಿತು ಎಂದು ಹೇಳಬಹುದಿತ್ತು. ನಾಲಿಗೆಯ ತುದಿಗೆ ಬಂದಿತ್ತು. "ನನಗೆ ಗೊತ್ತಿತ್ತು ಭಾಗ್ಯ," ಎಂದೆ. "ನಿಮಗೆ ಹೇಳಿಲ್ಲ ಅಂತ ಮೂರನೇ ದಿನಾನೇ ಗೊತ್ತಿತ್ತು. ನಾನೇ ಬರಲಿಲ್ಲ. ಅಸ್ಥಿ ಇನ್ನೂ ಬಿಟ್ಟಿಲ್ಲ. ಹೊಳೆ ಬಂದಿದೆ. ನೀವು ಬರಬೇಕು ಅಂತ ಕರೆಯೋಕೆ ಬಂದೆ."

ಅವಳು ಮನೆಯ ಕಡೆ ನಡೆದಳು. ಹಿಂದೆಯೇ ಹೋದೆ. ನಡುಮನೆಯಲ್ಲಿ ಲಕ್ವ ಹೊಡೆದ ತಾಯಿ ಮಲಗಿದ್ದರು. ಅವರನ್ನು ನೋಡಿಕೊಳ್ಳಲೆಂದೇ ಭಾಗ್ಯ ಎರಡು ವರ್ಷದ ಹಿಂದೆ ಬಂದದ್ದು. ಅಣ್ಣ ಜಗಲಿಯ ಮೇಲಿದ್ದರು. ಬಾ, ಆದರೆ ಅವನು ಈ ಹೊಸಿಲು ತುಳಿಯಕೂಡದು ಎಂದು ಷರತ್ತು ಹಾಕಿದವರು ಅವರೇ. ನಾನು ಯಾರೆಂದು ತಿಳಿದಾಗ ಎದ್ದು ನಿಂತರು.

"ಬದುಕಿದ್ದಾಗ ಒಬ್ರೂ ತಿರುಗ್ ನೋಡ್ನಿಲ್ಲ. ಈಗ್ ಬೂದಿ ಇಡ್ಕಂಡು ಬಂದವ್ರೆ. ನಾಚ್ಕೆ ಆಗಾಕಿಲ್ವಾ ನಿಮ್ಗೆ?"

ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ನಿಂತುಕೊಂಡೇ ಇದ್ದೆ.

"ಅಣ್ಣಯ್ಯ, ಸುಮ್ಕಿರು," ಎಂದಳು ಭಾಗ್ಯ ಒಳಗಿನಿಂದ. ಒಂದು ಕೈಚೀಲಕ್ಕೆ ಸೀರೆ ತುರುಕುತ್ತಿದ್ದಳು. "ನೀನೂ ನೋಡ್ನಿಲ್ಲ. ನಾನೂ ನಿನ್ ಮಾತ್ ಕೇಳ್ಕಂಡು ಇಲ್ಲೇ ಕುಂತ್ಕಂಡೆ. ಅವ್ವನ್ನ ಅತ್ಗೆ ನೋಡ್ಕಳ್ಲಿ. ಒಳೆ ಇಳಿಯಗಂಟ ನಾನ್ ಬರಾಕಿಲ್ಲ."

ಅಣ್ಣ ಏನೋ ಹೇಳಲು ಬಾಯಿ ತೆರೆದರು. ಹಾಸಿಗೆಯ ಮೇಲಿದ್ದ ತಾಯಿ ಆಡುವ ಕೈಯನ್ನು ಎತ್ತಿ, ಹೋಗಲಿ ಎಂಬಂತೆ ಬೀಸಿದರು. ಅಣ್ಣ ಕುಳಿತುಕೊಂಡರು.

ಹಾಸ್ಟೆಲಿನಲ್ಲಿ ಜಯಮ್ಮ ಭಾಗ್ಯಳನ್ನು ಕಂಡು ಯಾರು ಏನು ಎಂದು ಕೇಳಲಿಲ್ಲ, ನೇರವಾಗಿ ಹೊಂಗೆ ಮರದ ಬಳಿ ಕರೆದುಕೊಂಡು ಹೋದಳು. ನಾನು ಕೊಟ್ಟಿಗೆಯ ಹತ್ತಿರವೇ ನಿಂತೆ. ಭಾಗ್ಯ ಕುಡಿಕೆಯನ್ನು ಮುಟ್ಟಲಿಲ್ಲ. ಮರದ ಬುಡವನ್ನು ಎರಡು ಕೈಯಲ್ಲಿ ಹಿಡಿದುಕೊಂಡಳು. ಅವಳ ಬೆನ್ನು ಅಲುಗಾಡುವುದು ಕಾಣುತ್ತಿತ್ತು. ದನಗಳು ತಲೆ ಎತ್ತಿ ನೋಡಿದವು. ಅಷ್ಟು ಹೊತ್ತು ಅಳಲು ಅವಳಿಗೆ ಸಾಧ್ಯವಾದದ್ದು ಕಂಡು ನನಗೆ ಒಂದು ರೀತಿಯ ಹೊಟ್ಟೆಕಿಚ್ಚಾಯಿತು.

ಸುನೀತಾ ತನ್ನ ಕೆಳಗಿನ ಮಂಚವನ್ನು ಭಾಗ್ಯಳಿಗೆ ಬಿಟ್ಟುಕೊಟ್ಟು ತಾನು ಬಾಗಿಲ ಪಕ್ಕದ ಮೇಲಿನ ಮಂಚ ಹತ್ತಿದಳು. ಆರು ದಿನ ನಾವಿಬ್ಬರೂ ಮೇಲೊಬ್ಬರು ಕೆಳಗೊಬ್ಬರು ಇದ್ದೆವು. ಭಾಗ್ಯ ಸುಮ್ಮನೆ ಕೂರುವವಳಲ್ಲ. ಬೆಳಿಗ್ಗೆಯೇ ಜಯಮ್ಮನ ಜೊತೆ ಹಾಲು ಕರೆಯಲು ಹೋಗುತ್ತಿದ್ದಳು, ಗೋಡೆಗೆ ಹಗ್ಗ ಕಟ್ಟಿ ಎಲ್ಲರ ಒದ್ದೆ ಬಟ್ಟೆಗಳನ್ನೂ ಒಲೆಯ ಮೇಲಿನ ಬಿಸಿಗೆ ಹರವುತ್ತಿದ್ದಳು. ಮಧ್ಯಾಹ್ನ ಇಬ್ಬರೂ ಹೊಳೆಯ ಕಡೆ ನಡೆದು ಹೋಗುತ್ತಿದ್ದೆವು. ದಾರಿಯಲ್ಲಿ ಒಂದೊಂದಾಗಿ ಹೇಳುತ್ತಿದ್ದಳು. ರಾಮು ಅಡುಗೆ ಚೆನ್ನಾಗಿ ಮಾಡುತ್ತಿದ್ದನಂತೆ. ಮಕ್ಕಳಾಗಲಿಲ್ಲವೆಂದು ಒಂದು ದಿನವೂ ಅಂದವನಲ್ಲವಂತೆ. ಅವಳು ತಾಯಿ ಮನೆಗೆ ಬಂದ ಮೇಲೆ ತಿಂಗಳಿಗೊಮ್ಮೆ ಪಾಂಡವಪುರದ ಬಸ್‌ಸ್ಟ್ಯಾಂಡಿಗೆ ಬಂದು ಕಾಯುತ್ತಿದ್ದನಂತೆ. ಅಣ್ಣನಿಗೆ ತಿಳಿದು ರಂಪವಾಯಿತು. ಆಮೇಲೆ ಬರೀ ಫೋನು. ಅದೂ ಕಡಿಮೆಯಾಯಿತು. "ಅವ್ವ ಎದ್ಮೇಲೆ ವಾಪಸ್ ಓಗದು ಅಂತಿದ್ದೆ," ಎಂದಳು. "ಅವ್ವ ಏಳ್ನೂ ಇಲ್ಲ, ಅವ್ರ್ ಇರ್ನೂ ಇಲ್ಲ."

ಇನ್ನೊಂದು ದಿನ ಅಂದಳು: "ಆಷಾಢ ಕಳುದ್ಮೇಲೆ ಒಂದ್ ದಿನ ಏನೂ ತಿಂತಿರ್ನಿಲ್ಲ ಅವ್ರು. ವರ್ಸಾ ವರ್ಸಾ. ಯಾಕೆ ಅಂದ್ರೆ ಸುಮ್ನೆ ಅನ್ನೋರು."

ಅದು ಅಪ್ಪ ತೀರಿಕೊಂಡ ದಿನ. ನಾಗಮಂಗಲದಲ್ಲಿ ನಾನು ಪುರೋಹಿತರನ್ನು ಕರೆಸಿ ಮಾಡಿಸುತ್ತಿದ್ದ ದಿನ.

ಕೇಳಬಾರದೆಂದುಕೊಂಡಿದ್ದರೂ ಕೇಳಿದೆ: "ನನ್ನ ವಿಷಯ ಏನಾದರೂ ಹೇಳ್ತಿದ್ದನಾ?"

ಭಾಗ್ಯ ಸ್ವಲ್ಪ ದೂರ ನಡೆದಳು. ಸಮಾಧಾನಕ್ಕೆ ಒಂದು ಮಾತು ಅವಳಿಗೆ ಸಿಗಲಿಲ್ಲವೋ, ಅಥವಾ ಸುಳ್ಳು ಹೇಳಲು ಮನಸ್ಸಾಗಲಿಲ್ಲವೋ. "ಇಲ್ಲ ಕಣಕ್ಕ," ಎಂದಳು. "ಏನೂ ಯೋಳ್ತಿರ್ನಿಲ್ಲ."

ಮಳೆ ನಿಂತಿತು. ಒಂದು ಬೆಳಿಗ್ಗೆ ಹೊಳೆಯ ಸದ್ದು ಕೇಳಿಸಲಿಲ್ಲ. ಸುನೀತಾ ಸೈಕಲ್ಲಿಗೆ ಚೀಲ ಕಟ್ಟಿಕೊಂಡು, ಇಬ್ಬರ ಕಾಲಿಗೂ ನಮಸ್ಕಾರ ಮಾಡಿ ತಲಕಾಡಿನ ಕಡೆಗೆ ಹೊರಟಳು. ಜಯಮ್ಮ ಮರದಿಂದ ಕುಡಿಕೆ ಇಳಿಸಿ, ಪ್ಲಾಸ್ಟಿಕ್ಕು ಬಿಚ್ಚಿ ನನ್ನ ಕೈಗೆ ಕೊಡಲು ಬಂದಳು. ನಾನು ಭಾಗ್ಯಳ ಕಡೆ ತೋರಿಸಿದೆ.

ಪಶ್ಚಿಮವಾಹಿನಿಯ ಮೆಟ್ಟಿಲುಗಳ ಮೇಲೆ ಪಾದ ಹೂತುಹೋಗುವಷ್ಟು ಮೆಕ್ಕಲು ಕುಳಿತಿತ್ತು. ಮಂಟಪದ ಕಂಬಗಳಿಗೆ ಹುಲ್ಲು, ಚಿಂದಿ ಬಟ್ಟೆ ಸುತ್ತಿಕೊಂಡಿತ್ತು. ನಮ್ಮ ಹಾಗೆಯೇ ಕಾದಿದ್ದ ಹತ್ತಾರು ಕುಟುಂಬಗಳು ಬಂದಿದ್ದವು. ವಯಸ್ಸಾದ ಪುರೋಹಿತರೊಬ್ಬರು ನಮ್ಮನ್ನು ಕೂರಿಸಿದರು. ಗಂಡಸರು ಯಾರೂ ಬಂದಿಲ್ಲವೇ ಎಂದು ಕೇಳಿದರು. ಇಲ್ಲ ಎಂದೆ. ಹೋಗಲಿ ಎಂಬಂತೆ ದರ್ಭೆ ತೆಗೆದುಕೊಂಡರು.

"ಮೃತರಿಗೆ ಏನಾಗಬೇಕು?"

"ನಾನು ಅಕ್ಕ. ಇವರು ಹೆಂಡತಿ," ಎಂದೆ. ಪಕ್ಕದಲ್ಲಿ ಭಾಗ್ಯ ಉಸಿರು ಎಳೆದುಕೊಂಡದ್ದು ಕೇಳಿಸಿತು.

"ಹೆಸರು?"

ಹೇಳಿದೆವು.

"ಗೋತ್ರ?" ಎಂದು ಅವರು ಭಾಗ್ಯಳನ್ನು ಕೇಳಿದರು. ಅವಳು ನನ್ನ ಮುಖ ನೋಡಿದಳು. ಮದುವೆಯಾದ ಹೆಣ್ಣಿಗೆ ಗಂಡನ ಗೋತ್ರ. ಅದನ್ನು ಅವಳಿಗೆ ಹೇಳಿಕೊಡುವವರು ಹದಿನಾರು ವರ್ಷದಲ್ಲಿ ಯಾರೂ ಇರಲಿಲ್ಲ.

"ಇಬ್ಬರದೂ ಒಂದೇ," ಎಂದೆ. "ಕಾಶ್ಯಪ."

ಪುರೋಹಿತರು ತಲೆಯಾಡಿಸಿ ಸಂಕಲ್ಪ ಹೇಳತೊಡಗಿದರು. ಕಾಶ್ಯಪ ಗೋತ್ರದ ರಾಮಪ್ರಸಾದ, ಅದೇ ಗೋತ್ರದ ಭಾಗ್ಯಲಕ್ಷ್ಮಿ, ಅದೇ ಗೋತ್ರದ ಗಿರಿಜ. ಭಾಗ್ಯ ಕುಡಿಕೆಯನ್ನು ಎದೆಗೊತ್ತಿಕೊಂಡು ಕೆಸರಿನಲ್ಲಿ ಕಾಲು ಊರುತ್ತಾ ಇಳಿದಳು. ಜಾರುತ್ತಾಳೆಂದು ನಾನು ಅವಳ ರಟ್ಟೆ ಹಿಡಿದುಕೊಂಡೆ. ಮೊಣಕಾಲ ಮಟ್ಟದ ನೀರಿನಲ್ಲಿ ನಿಂತು ಅವಳು ಕುಡಿಕೆ ಬಗ್ಗಿಸಿದಳು. ಕೆಂಪು ನೀರಿನ ಮೇಲೆ ಬೂದಿ ಒಂದು ಕ್ಷಣ ನಿಂತ ಹಾಗಿದ್ದು ಹೊರಟುಹೋಯಿತು.